ಮೆಸೇಜಿಗೆ ಜಾಗವಿಲ್ಲ

ಸೋಮವಾರ ಮಧ್ಯಾಹ್ನ ಒಂದೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಇಬ್ಬರು. ಗಂಡನನ್ನು ಕಳೆದುಕೊಂಡು ಎರಡು ಗಂಟೆಯಾಗಿದ್ದ ಹೆಂಗಸು, ಅವಳ ತೋಳು ಹಿಡಿದು ನಡೆಸಿಕೊಂಡು ಬಂದ ಅವಳ ಅಣ್ಣ. ಊಟದ ಡಬ್ಬಿ ತೆರೆದಿದ್ದ ಇನ್‌ಸ್ಪೆಕ್ಟರ್ ಮತ್ತೆ ಮುಚ್ಚಳ ಹಾಕಿದರು. ಅವರು ಈ ಠಾಣೆಗೆ ಬಂದು ಆರು ತಿಂಗಳಾಗಿತ್ತಷ್ಟೇ. ಎದುರು ಕೂತವರಲ್ಲಿ ಯಾರು ಅಳುತ್ತಿಲ್ಲ ಎಂಬುದನ್ನು ಮೊದಲು ಗಮನಿಸುವುದು ಅವರ ಅಭ್ಯಾಸ. ಇಲ್ಲಿ ಇಬ್ಬರೂ ಅಳುತ್ತಿರಲಿಲ್ಲ.

ಮಾತನಾಡಿದ್ದು ಅಣ್ಣ.

“ಸೋಪಿನ ಕಾರ್ಖಾನೆ ಮೇಡಂ. ಭಾವ ಕಲಸೋ ತೊಟ್ಟಿ ತೊಳೆಯೋಕೆ ಒಳಗೆ ಇಳಿದಿದ್ದ. ಮೋಟಾರ್ ಶುರುವಾಯ್ತು.”

“ಶುರು ಮಾಡಿದ್ದು ಯಾರು?”

“ನಾನೇ. ಅದು ನನ್ನ ಕೆಲಸ. ಹಾಕೋ ಮುಂಚೆ ಮೆಸೇಜ್ ಕಳಿಸಿದ್ದೆ, ನೋಡಿ.”

ಅವನು ಮೇಜಿನ ಮೇಲೆ ಒಂದು ಸಣ್ಣ ಗುಂಡಿ ಫೋನು ಇಟ್ಟ. ಕ್ಯಾಮರಾ ಇರುವ ಫೋನನ್ನು ಕಾರ್ಖಾನೆಯೊಳಗೆ ತರುವಂತಿಲ್ಲವಾದ್ದರಿಂದ ಎಲ್ಲರಿಗೂ ಕಂಪನಿಯೇ ಅಂಥದ್ದನ್ನು ಕೊಟ್ಟಿತ್ತು. ತೆರೆದಿಟ್ಟ ಸಂದೇಶದಲ್ಲಿ ‘ಹನ್ನೊಂದೂವರೆಗೆ ಮೋಟಾರ್ ಹಾಕ್ತೀನಿ, ಆಚೆ ಬಾ’ ಎಂದಿತ್ತು. ಕಳಿಸಿದ ಸಮಯ ಹನ್ನೊಂದೂ ಐದು.

“ಉತ್ತರ ಬಂತಾ?”

“ಇಲ್ಲ. ಸುಮಾರು ಸಲ ಉತ್ತರ ಕಾಯದೇ ಹಾಕಿಬಿಡ್ತೀವಿ. ನನ್ನದೇ ತಪ್ಪು ಮೇಡಂ, ಏನು ಶಿಕ್ಷೆ ಇದೆಯೋ ಕೊಡಿ.”

ತಂಗಿ ತಲೆ ಎತ್ತಲಿಲ್ಲ. ದೂರಿಗೆ ಸಹಿ ಹಾಕುವಾಗ ಬಲಗೈಗೆ ಎಡಗೈಯ ಆಸರೆ ಕೊಟ್ಟಳು. ದಫೇದಾರರು ನಿರ್ಲಕ್ಷ್ಯದಿಂದಾದ ಸಾವು ಎಂದು ಎಫ್‌ಐಆರ್ ಬರೆದರು. ತಪ್ಪನ್ನು ಹೀಗೆ ತಾನಾಗಿಯೇ ತಂದೊಪ್ಪಿಸಿದವನ ಮೇಲೆ ಅವರಿಗೆ ಕನಿಕರ ಹುಟ್ಟಿದಂತಿತ್ತು. ಇನ್‌ಸ್ಪೆಕ್ಟರ್ ಮಾತ್ರ ಅವನ ಫೋನನ್ನು ವಶಕ್ಕೆ ತೆಗೆದುಕೊಂಡು, ಸ್ವಿಚ್ ಆಫ್ ಮಾಡಿಸಿ, ಲಕೋಟೆಗೆ ಹಾಕಿಸಿದರು.

ಮೂರು ಗಂಟೆಗೆ ಸ್ಥಳ ಪಂಚನಾಮೆ. ಕಾರ್ಖಾನೆಯಲ್ಲಿ ಎಲ್ಲ ಯಂತ್ರಗಳನ್ನೂ ನಿಲ್ಲಿಸಿದ್ದರು. ನೆಲದ ಮೇಲಿನ ಸೋಪಿನ ಪುಡಿಗೆ ಬೂಟು ಜಾರುತ್ತಿತ್ತು. ತೊಟ್ಟಿ ಎರಡಾಳು ಎತ್ತರ, ಒಳಗೆ ಉಕ್ಕಿನ ತೋಳುಗಳು. ಸ್ವಿಚ್ಚಿನ ಕೋಣೆ ಮಹಡಿಯ ಮೇಲೆ, ಗೋಡೆಯ ಆಚೆ. ಅಲ್ಲಿಂದ ತೊಟ್ಟಿ ಕಾಣುವುದಿಲ್ಲ. ಗದ್ದಲದಲ್ಲಿ ಕೂಗಿದರೂ ಕೇಳುವುದಿಲ್ಲ. ಮೆಸೇಜಿನ ಪದ್ಧತಿ ಬಂದದ್ದೇ ಅದಕ್ಕೆ.

ಸತ್ತವನ ಫೋನು ಏಣಿಯ ಮೇಲ್ಗಡೆ ಪ್ಲಾಸ್ಟಿಕ್ ಚೀಲದಲ್ಲಿ ನೇತಾಡುತ್ತಿತ್ತು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಲಕೋಟೆಯ ಚಿತ್ರ ಮಿಣುಕುತ್ತಲೇ ಇತ್ತು.

“ಹೊಸ ಮೆಸೇಜ್ ಬಂದಿರೋದಾ ಇದು?” ಇನ್‌ಸ್ಪೆಕ್ಟರ್ ಕೇಳಿದರು.

ದಫೇದಾರರು ಕನ್ನಡಕ ಏರಿಸಿ ಬಗ್ಗಿದರು. “ಅಲ್ಲ ಮೇಡಂ. ನನ್ನ ಅಮ್ಮನ ಹತ್ರ ಇರೋದೂ ಇಂಥದ್ದೇ. ಬಂದಿದ್ರೆ ಮಿಣುಕಲ್ಲ, ಸುಮ್ನೆ ಕೂತಿರುತ್ತೆ. ಮಿಣುಕಿದ್ರೆ ಜಾಗ ಇಲ್ಲ ಅಂತ. ಐವತ್ತು ಮೆಸೇಜ್ ಹಿಡಿಯುತ್ತೆ, ಅಷ್ಟೇ. ಒಂದು ಅಳಿಸೋವರೆಗೂ ಹೊಸದು ಹೊರಗಡೆಯೇ ಕಾಯ್ತಿರುತ್ತೆ. ತಿಂಗಳಿಗೊಂದ್ಸಲ ಅಮ್ಮನ ಫೋನಿಗೆ ಕಸ ಗುಡಿಸೋ ಕೆಲಸ ನನ್ನದು.”

ಇನ್‌ಸ್ಪೆಕ್ಟರಿಗೆ ನಗು ಬರಲಿಲ್ಲ. ಸಾವಿನ ಎಚ್ಚರಿಕೆ ಈಗಲೂ ಗಾಳಿಯಲ್ಲೇ ಎಲ್ಲೋ ನಿಂತಿದೆ ಎನ್ನಿಸಿತು.

ಮಂಗಳವಾರ ನ್ಯಾಯಾಲಯದ ಅನುಮತಿ ಸಿಕ್ಕಿತು. ಇಬ್ಬರು ಪಂಚರ ಎದುರು ಒಳಗಿದ್ದ ಪ್ರತಿಯೊಂದು ಸಂದೇಶದ ಫೋಟೋ ತೆಗೆದ ಮೇಲೆ ದಫೇದಾರರು ಬಟ್ಟೆ ಅಂಗಡಿಯೊಂದರ ಜಾಹೀರಾತನ್ನು ಅಳಿಸಿದರು. ಮಿಣುಕು ನಿಂತಿತು. ಕಾದರು. ಫೋನು ಮೇಜಿನ ಮೇಲೆ ಗುರ್ರೆಂದು ಒಂದು ಬೆರಳಿನಷ್ಟು ಸರಿಯಿತು.

‘ಹನ್ನೊಂದೂವರೆಗೆ ಮೋಟಾರ್ ಹಾಕ್ತೀನಿ, ಆಚೆ ಬಾ.’

ಪಂಚರಲ್ಲಿ ಒಬ್ಬರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

“ಪಾಪ, ಹೇಳಿದ್ದು ನಿಜ. ಕಳಿಸಿದ್ದ,” ಎಂದರು ದಫೇದಾರರು.

“ಕಳಿಸಿದ್ದು ನಿಜ,” ಎಂದು ಇನ್‌ಸ್ಪೆಕ್ಟರ್ ಫೋಟೋಗಳನ್ನು ಹರಡಿಕೊಂಡರು. ನಲವತ್ತಕ್ಕೂ ಹೆಚ್ಚು ಸಂದೇಶಗಳು ಒಂದೇ ನಂಬರಿನವು, ಹೆಂಡತಿಯವು, ಎಲ್ಲವೂ ಹಳೆಯವು. ಕೊನೆಯ ಐದು ಸೋಮವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ ಬಂದವು. ಐದೂ ನಗೆಹನಿಗಳು. ಐದೂ ತೆರೆದು ಓದಿದ್ದವು. ಕಳಿಸಿದವನು ಭಾವಮೈದ.

ಅವರು ಆ ನಗೆಹನಿಗಳನ್ನು ಎರಡೆರಡು ಸಲ ಓದಿದರು. ಏಣಿಯ ಮೇಲೆ ಫೋನು ಗುರುಗುಟ್ಟಿದಾಗಲೆಲ್ಲ ತೊಟ್ಟಿಯಲ್ಲಿದ್ದವನು ಮೋಟಾರಿನ ವಿಷಯವಿರಬಹುದೆಂದು ಏಣಿ ಹತ್ತಿ ಬಂದಿದ್ದಾನೆ. ಕೈಗವಸು ಬಿಚ್ಚಿ ಓದಿದ್ದಾನೆ. ನಕ್ಕನೋ ಬೈದನೋ, ಮತ್ತೆ ಇಳಿದಿದ್ದಾನೆ. ಆರನೆಯದು ಬಂದಿದ್ದರೂ ಹತ್ತಿ ಬರುತ್ತಿದ್ದ.

ಬುಧವಾರ ಹೇಳಿಕೆಗಳು. ಕ್ಯಾಂಟೀನಿನ ಹೆಂಗಸು ಲೋಟ ತೊಳೆಯುತ್ತಲೇ ಮಾತನಾಡಿದಳು.

“ಅವನ ಫೋನು ಯಾವಾಗ್ಲೂ ತುಂಬಿರ್ತಿತ್ತಮ್ಮ. ತಾನೇ ಅಳಿಸೋಕೆ ಹೋದ್ರೆ ಬೇಕಾದ್ದು ಹೋಗ್ಬಿಡುತ್ತೆ ಅಂತ ಹೆದರಿಕೆ. ದಿನಾ ಬೆಳಿಗ್ಗೆ ಇಲ್ಲೇ ಭಾವಮೈದನ ಕೈಗೆ ಕೊಡ್ತಿದ್ದ. ಅವನು ಬೇಡದ್ದೆಲ್ಲ ತೆಗೆದು ಕೊಡ್ತಿದ್ದ.”

“ಸೋಮವಾರವೂ ಕೊಟ್ಟನಾ?”

“ಕೊಟ್ಟ. ಎಂಟೂ ಮುಕ್ಕಾಲು ಇರ್ಬೇಕು. ಇಬ್ಬರೂ ಒಂದೇ ಬೆಂಚಲ್ಲಿ ಟೀ ಕುಡಿದ್ರು. ಭಾವಮೈದ ಫೋನು ನೋಡಿ ವಾಪಸ್ ಕೊಟ್ಟ.”

ಮೇಸ್ತ್ರಿಯನ್ನು ಕರೆಸಿದರು. “ದಿನಾ ಹನ್ನೆರಡೂವರೆಗೆ ಹಾಕೋ ಮೋಟಾರನ್ನ ಸೋಮವಾರ ಒಂದು ಗಂಟೆ ಮುಂಚೆ ಹಾಕು ಅಂತ ಅವನಿಗೆ ಯಾವಾಗ ಹೇಳಿದಿರಿ?”

“ಬಂದ ಕೂಡಲೇ ಮೇಡಂ. ಎಂಟೂವರೆಗೆ.”

“ತೊಳೆಯೋನಿಗೆ?”

“ಅದನ್ನ ಹೇಳಬೇಕಾದ್ದು ಸ್ವಿಚ್ಚಿನವನೇ.”

ಇನ್‌ಸ್ಪೆಕ್ಟರ್ ದಫೇದಾರರ ಮುಖ ನೋಡಿದರು. ಎಂಟೂವರೆಗೆ ವಿಷಯ ಗೊತ್ತಾದವನು ಎಂಟೂ ಮುಕ್ಕಾಲಿಗೆ ಭಾವನ ಪಕ್ಕದಲ್ಲೇ ಕೂತು ಟೀ ಕುಡಿದು ಬಾಯಿ ಬಿಟ್ಟಿರಲಿಲ್ಲ. ಬಾಯಲ್ಲಿ ಹೇಳಬಹುದಾದ್ದನ್ನು ಎರಡು ಗಂಟೆಗೂ ಹೆಚ್ಚು ಹೊತ್ತು ಹೊಟ್ಟೆಯಲ್ಲಿಟ್ಟುಕೊಂಡು, ನಡುವೆ ಐದು ನಗೆಹನಿ ಕಳಿಸಿ, ಆಮೇಲೆ ಮೆಸೇಜ್ ಮಾಡಿದ್ದ. ಸಂಜೆ ಫೋನ್ ಕಂಪನಿಯ ದಾಖಲೆ ಬಂತು. ಆ ಸೋಮವಾರ ಬಿಟ್ಟರೆ ಇಡೀ ವರ್ಷದಲ್ಲಿ ಅವನು ಭಾವನಿಗೆ ದಿನಕ್ಕೆ ಒಂದೆರಡಕ್ಕಿಂತ ಹೆಚ್ಚು ಸಂದೇಶ ಕಳಿಸಿರಲಿಲ್ಲ. ಲಕೋಟೆಯಲ್ಲಿದ್ದ ಅವನ ಫೋನನ್ನೂ ಸಿಮ್ ತೆಗೆದು ಪಂಚರ ಎದುರು ತೆರೆದರು. ಐದು ನಗೆಹನಿಗಳ ಮುಂದೆ ‘ತಲುಪಿದೆ’ ಎಂಬ ಗುರುತು. ಆರನೆಯದರ ಮುಂದೆ ‘ಬಾಕಿ’. ಮೋಟಾರ್ ಹಾಕುವಾಗ ಅದು ಅವನ ಕಣ್ಣೆದುರೇ ಇತ್ತು.

ಅದೇ ಸಂಜೆ ಇನ್‌ಸ್ಪೆಕ್ಟರ್ ಸತ್ತವನ ಮನೆಗೆ ಹೋದರು. ಒಂದು ಕೋಣೆ, ಒಂದು ಅಡುಗೆಯ ಮೂಲೆ, ಗೋಡೆಗೆ ಒರಗಿಸಿದ ಮಂಚ. ಹೆಂಡತಿ ಒಬ್ಬಳೇ ಇದ್ದಳು. ನೀರಿನ ಲೋಟ ತಂದುಕೊಟ್ಟದ್ದು ಎಡಗೈಯಲ್ಲಿ. ಬಲ ಮಣಿಕಟ್ಟಿನ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು.

“ಕೈಗೆ ಏನಾಗಿತ್ತಮ್ಮ?”

“ಬಾಗಿಲಿಗೆ ತಗುಲಿತ್ತು.”

ಇನ್‌ಸ್ಪೆಕ್ಟರ್ ಫೋಟೋಗಳನ್ನು ಅವಳ ಮಡಿಲಿಗೆ ಕೊಟ್ಟರು. “ಇವು ನಿಮ್ಮ ಯಜಮಾನರ ಫೋನಲ್ಲಿದ್ದದ್ದು. ನಿಮ್ಮವೇ ಅಲ್ವಾ?”

ಅವಳು ತುಟಿಯಲ್ಲೇ ಓದಿಕೊಂಡಳು. ‘ಗೇಟ್ ಹತ್ರ ಇದೀನಿ, ಊಟ ಆರೋಗುತ್ತೆ, ಬೇಗ ಬನ್ನಿ.’ ‘ನಿಮ್ಮ ಅಂಗಿ ಗುಂಡಿ ಹಾಕಿದೀನಿ.’ ‘ಕೆಮ್ಮು ಕಮ್ಮಿ ಆಯ್ತಾ?’ ಮದುವೆಯಾದ ಮೊದಲ ವರ್ಷದ ಮಾತುಗಳು. ಫೋಟೋ ತಿರುಗಿಸುತ್ತಿದ್ದ ಬೆರಳು ನಿಂತಿತು.

“ಇದನ್ನೆಲ್ಲ ಇಟ್ಕೊಂಡಿದ್ರಾ?”

“ಒಂದನ್ನೂ ಅಳಿಸೋಕೆ ಬಿಡ್ತಿರಲಿಲ್ಲವಂತೆ.”

ಹೊರಗೆ ಯಾರದೋ ಸೈಕಲ್ಲಿನ ಬೆಲ್ಲು ಕೇಳಿ ಹೋಯಿತು. ಆಮೇಲೆ ಅವಳು ಸೊಟ್ಟ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು, “ಬಾಗಿಲಲ್ಲ ಮೇಡಂ,” ಎಂದಳು.

“ಅಣ್ಣನಿಗೆ ಗೊತ್ತಿತ್ತಾ?”

“ಅಪ್ಪ ಹೋದ್ಮೇಲೆ ನನ್ನ ಸಾಕಿದ್ದೇ ಅವನು. ನಾನು ಬಾಯಿ ಬಿಡದೇ ಇದ್ರೂ ಅವನಿಗೆ ಗೊತ್ತಾಗ್ತಿತ್ತು.” ಪ್ರಶ್ನೆ ಯಾಕೆ ಬಂತೆಂದು ಹೊಳೆಯಿತೋ ಏನೋ, ಅವಳು ಫೋಟೋಗಳನ್ನು ಪಕ್ಕಕ್ಕಿಟ್ಟಳು. “ಅಣ್ಣ ಮೆಸೇಜ್ ಕಳಿಸಿದ್ದ ಅಲ್ವಾ ಮೇಡಂ? ಕಳಿಸಿದ್ದ ಅಂತ ಹೇಳಿ.”

ಇನ್‌ಸ್ಪೆಕ್ಟರ್ ಲೋಟ ಕೆಳಗಿಟ್ಟು ಎದ್ದರು.

ಗುರುವಾರ ಬೆಳಿಗ್ಗೆ ಪ್ರಕರಣವನ್ನು ಕೊಲೆ ಎಂದು ಬದಲಿಸಿದರು. ಎಂಟೂ ಕಾಲಿಗೆ ಕಾರ್ಖಾನೆಯ ಗೇಟಿನಲ್ಲಿ, ಜಾಮೀನಿನ ಮೇಲೆ ಹೊರಗಿದ್ದ ಅಣ್ಣನನ್ನು ಬಂಧಿಸಿದಾಗ ಅವನು ಓಡಲಿಲ್ಲ, ಕೊಸರಾಡಲೂ ಇಲ್ಲ. ಬುತ್ತಿಯ ಚೀಲವನ್ನು ಕಾವಲುಗಾರನ ಕೈಗೆ ಕೊಟ್ಟು ಜೀಪು ಹತ್ತಿದ. ವಿಚಾರಣೆಯ ಕೋಣೆಯಲ್ಲಿ ದಫೇದಾರರು ಬರೆಯಲು ಕೂತರು.

“ಐದೇ ಯಾಕೆ ಕಳಿಸಿದೆ?”

“ಐದೇ ಜಾಗ ಖಾಲಿ ಇತ್ತು.”

“ಭರ್ತಿಯಾಯ್ತು ಅಂತ ಗೊತ್ತಾದ ಮೇಲೆ ಆರನೇದು ಯಾಕೆ?”

ಅವನು ತನ್ನ ಅಂಗೈ ನೋಡಿಕೊಂಡ. “ಅವನೇ ಯಾವುದಾದ್ರೂ ಒಂದು ಅಳಿಸಿದ್ರೂ ಬರ್ತಿತ್ತು ಮೇಡಂ. ಬಂದ್ರೆ ಬದುಕಲಿ ಅಂದ್ಕೊಂಡೆ. ಅವಳದ್ದು ಹೋಗಿಬಿಡುತ್ತೆ ಅಂತ ಹೆದರಿ ಒಂದನ್ನೂ ಅಳಿಸಲ್ಲ ಅಂತಲೂ ಗೊತ್ತಿತ್ತು. ಅವಳ ಮಾತಿನ ಮೇಲೆ ಅಷ್ಟು ಆಸೆ ಅವನಿಗೆ. ಅವಳ ಮೇಲೆ ಕೈ ಮಾಡ್ತಿದ್ದವನೂ ಅವನೇ. ನನಗದು ಇವತ್ತಿಗೂ ಅರ್ಥ ಆಗಿಲ್ಲ.”

“ತಂಗಿಯನ್ನ ಮನೆಗೆ ಕರ್ಕೊಂಡು ಬರಬಹುದಿತ್ತು. ದೂರು ಕೊಡಬಹುದಿತ್ತು.”

“ಎರಡು ಸಲ ಕರೆದೆ, ಬರಲಿಲ್ಲ. ಹೋದ ವರ್ಷ ಕೈ ಮುರಿದಾಗ ಇಲ್ಲಿಗೇ ಬಂದೆ. ಆ ಹೊರಗಿನ ಬೆಂಚಲ್ಲಿ ಮಧ್ಯಾಹ್ನದವರೆಗೂ ಕೂತಿದ್ದೆ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಗಂಡ ಹೆಂಡತಿ ವಿಷಯ, ಕೇಸು ಗೀಸು ಅಂತ ದೊಡ್ಡದು ಮಾಡ್ಬೇಡ, ಮನೇಲೇ ಕೂತು ಮಾತಾಡಿ ಸರಿಮಾಡ್ಕೊಳ್ಳಿ ಅಂದ್ರು. ಒಳ್ಳೇ ಮಾತಲ್ಲೇ ಹೇಳಿದ್ರು. ಟೀನೂ ತರಿಸಿಕೊಟ್ರು.”

“ಯಾರು ಹೇಳಿದ್ದು?”

ಅವನ ಕಣ್ಣು ಬರೆಯುತ್ತಿದ್ದ ಕೈಯ ಕಡೆ ಹೋಯಿತು. ಇನ್‌ಸ್ಪೆಕ್ಟರ್ ಪಕ್ಕಕ್ಕೆ ನೋಡಿದರು. ದಫೇದಾರರ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತ್ತು. ತುದಿಯ ಸುತ್ತ ಶಾಯಿ ಮೆಲ್ಲಗೆ ಹರಡಿಕೊಳ್ಳುತ್ತಿತ್ತು.

“ಅದನ್ನೂ ಬರೀಬೇಕಾ ಮೇಡಂ?” ತಲೆ ಎತ್ತದೆ ಅವರು ಕೇಳಿದರು.

“ಬರೀರಿ,” ಎಂದರು ಇನ್‌ಸ್ಪೆಕ್ಟರ್. “ಅವನು ಹೇಳಿದ ಹಾಗೇ ಬರೀರಿ. ಒಂದು ಮಾತೂ ಬಿಡಬೇಡಿ.”