ಲೆಕ್ಕ ಕೇಳಿದ ಮನೆ

"ದುಡ್ಡು ಬೇಕಾದ್ರೆ ಕೇಳು, ಕೊಡ್ತಾರೆ. ಲೆಕ್ಕ ಮಾತ್ರ ಕೇಳಬೇಡ ಕಣೇ, ಅದಕ್ಕೆ ದೆವ್ವದ ಕಾವಲಿದೆ." ದೊಡ್ಡತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ಹಿಂದೆ ಗೋಡೆಗೊರಗಿ ಕೂತಿದ್ದ ಮಗ ಹುಟ್ಟುಮೂಗನಲ್ಲ. ಚಿಕ್ಕವನಿದ್ದಾಗ ಒಂದು ಸಂಜೆ, ಆಡುತ್ತಾಡುತ್ತಾ ಮಾತು ನಿಂತಿತ್ತು.

ಟೈಲರಿಂಗ್ ಮಾಡಿ ಬದುಕುತ್ತಿದ್ದ ಸೊಸೆ ನಕ್ಕಳು. "ದೆವ್ವಾನೇ ಕಾಯುತ್ತೆ ಅಂದ್ರೆ ಬೀಗದ ಖರ್ಚು ಉಳೀತು ಬಿಡಿ, ಅತ್ತೆ."

"ನಗಬೇಡ. ಹಿಂದಿನ ಕಾಲದಲ್ಲಿ ಲೆಕ್ಕ ಕೇಳಿದ ಒಬ್ಬ ತಮ್ಮನ್ನ ಈ ಮನೆಯವರೇ ಬಾಯಿ ಕಟ್ಟಿ ಸಾಯಿಸಿದ್ರು. ಅವನ ಹೆಂಡತಿ ಮಾಟ ಮಾಡಿಸಿದ್ಲು, ಇನ್ನು ಲೆಕ್ಕ ಕೇಳಿದವರ ಮನೇಲಿ ಒಂದು ಬಾಯಿ ಮುಚ್ಚಲಿ ಅಂತ. ನಿನ್ನ ದೊಡ್ಡಮಾವನೂ ಒಂದ್ಸಲ ಕೇಳಿದ್ರು." ದೊಡ್ಡತ್ತೆ ಮಗನ ಕಡೆ ನೋಡಿದಳು.

ಸೊಸೆಗೆ ಕತೆ ಕೇಳುವ ಪುರುಸೊತ್ತಿರಲಿಲ್ಲ. ಗಂಡ ತೀರಿಕೊಂಡಿದ್ದ. ಮಗಳ ಕಿವಿ ಹೆಚ್ಚುಕಡಿಮೆ ಪೂರ್ತಿ ಮುಚ್ಚಿತ್ತು. ಬೇಗ ಆಪರೇಷನ್ ಆಗದಿದ್ದರೆ ಇನ್ನು ತೆರೆಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಮೊಮ್ಮಕ್ಕಳಿಗೆಂದು ಅಜ್ಜ ಮಾಡಿಟ್ಟ ಟ್ರಸ್ಟಿನ ಆಸ್ತಿಗೆ ದೊಡ್ಡಮಾವನೊಬ್ಬನೇ ಟ್ರಸ್ಟಿ. ದುಡ್ಡು ಕೇಳಿದಾಗಲೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: "ಸ್ವಲ್ಪ ತಾಳು." ವಕೀಲರು ಬೇರೆಯೇ ಹೇಳಿದ್ದರು. "ನಿಮ್ಮ ಮಗು ಫಲಾನುಭವಿ. ಲೆಕ್ಕ ತೋರಿಸೋದು ಅವರ ದಯೆ ಅಲ್ಲಮ್ಮ, ನಿಮ್ಮ ಹಕ್ಕು."

ವಕೀಲರ ನೋಟಿಸು ಓದಿದ ದೊಡ್ಡಮಾವ ಅದನ್ನು ಮಡಚಿಟ್ಟ. "ನೀನಾಗೇ ಕೇಳ್ತಿದ್ದೀಯಾ?"

"ಹೌದು. ತೋರಿಸಿ."

ಕಬ್ಬಿಣದ ಕಪಾಟು ತೆರೆಯಿತು. ಸುಟ್ಟ ಕೂದಲಿನ ವಾಸನೆ ಮುಖಕ್ಕೆ ರಾಚಿತು. ಲೆಕ್ಕದ ಪುಸ್ತಕದ ಪಕ್ಕದಲ್ಲಿ ಒಂದು ಮೇಣದ ಗೊಂಬೆ, ಹುಡುಗನದು, ತುಟಿಗಳನ್ನು ಕಪ್ಪು ದಾರದಲ್ಲಿ ಹೊಲಿದದ್ದು. ಅವಳು ಅದನ್ನು ಸರಿಸಿ ಪುಟ ತಿರುವಿದಳು. ಹೊರಗೆ ಹಜಾರದಲ್ಲಿ ಎರಡು ಜಡೆಯ ಮಗಳು ಗುನುಗುತ್ತಿದ್ದಳು. ತನ್ನ ದನಿ ತನಗೇ ಕೇಳದ ಮಗು ಸದಾ ಹಾಗೆ, ರಾಗವಿಲ್ಲದೆ, ಗಟ್ಟಿಯಾಗಿ.

ಬಾಡಿಗೆ, ಬಡ್ಡಿ, ದುರಸ್ತಿ. ಎಲ್ಲೂ ಒಂದು ಪೈಸೆ ಆಚೀಚೆ ಇಲ್ಲ. ಕೊನೆಯ ಪುಟದಲ್ಲಿ ಮಗಳ ಕಿವಿಗೆಂದೇ ಎತ್ತಿಟ್ಟ ಠೇವಣಿ. ಅವಧಿ ಮುಗಿಯುವುದು ಮುಂದಿನ ತಿಂಗಳು.

"ಒಂದು ಮಾತು ಹೇಳಬಹುದಿತ್ತಲ್ಲ, ಮಾವ?"

"ಹೇಳಿದ್ರೆ ಅದೂ ಲೆಕ್ಕಾನೇ ಆಗ್ತಿತ್ತು, ಮಗಾ."

ಗುನುಗು ನಿಂತಿತು.

ಅವಳು ತಲೆಯೆತ್ತಿದಳು. ದೀಪ ಸಣ್ಣಗಾಯಿತು. ಕಪಾಟಿನ ಕತ್ತಲಲ್ಲಿ ಏನೋ ಜರುಗಿತು. ಕೈ ಚಾಚಿದಳು. ಈಗ ಎರಡು ಗೊಂಬೆ. ಎರಡನೆಯದು ಬೆಚ್ಚಗಿತ್ತು. ಎರಡು ಜಡೆ. ತುಟಿ ಹೊಲಿದಿತ್ತು. ಒತ್ತೊತ್ತಾದ, ಗಂಟು ಕಾಣದ ಹೊಲಿಗೆ. ಆ ಹೊಲಿಗೆ ಅವಳಿಗೆ ಗೊತ್ತು. ಅವಳದೇ ಕೈಯದು. ಕೊರಳಪಟ್ಟಿಗೆ ಸದಾ ಚುಚ್ಚಿಕೊಳ್ಳುತ್ತಿದ್ದ ಸೂಜಿಗಾಗಿ ತಡಕಿದಳು. ಸೂಜಿ ಇರಲಿಲ್ಲ.

ಓಡಿದಳು. ಹಜಾರದಲ್ಲಿ ಮಗಳು ಬಾಯಿ ತೆರೆದು ನಿಂತಿದ್ದಳು. ಗಂಟಲಿನ ನರ ಉಬ್ಬಿತ್ತು. ಉಸಿರು ಮಾತ್ರ ಬರುತ್ತಿತ್ತು.

ಮುಂದಿನ ತಿಂಗಳು ಆಪರೇಷನ್ ಆಯಿತು. ಮಗಳಿಗೆ ಈಗ ಸೂಜಿ ಬಿದ್ದರೂ ಕೇಳುತ್ತದೆ. ಹೊಲಿಗೆ ಯಂತ್ರವನ್ನು ಆಗಾಗ ನಿಲ್ಲಿಸಿ, ಉಸಿರು ಬಿಗಿಹಿಡಿದು ಆ ನಿಂತ ಗುನುಗಿಗಾಗಿ ಕಿವಿಗೊಡುವವಳು ಅಮ್ಮ.