ಉಪ್ಪಿಲ್ಲದ ಬುತ್ತಿ

ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ ದೂರು ಠಾಣೆಗೆ ಬಂತು. ದೂರುದಾರರು ಹೊರಗಿನವರಲ್ಲ, ಅದೇ ಠಾಣೆಯ ದಫೇದಾರರು. ಸೇತುವೆ ಹಗರಣದಲ್ಲಿ ಬಂಧಿತನಾದ ಎಂಜಿನಿಯರನನ್ನು ಕೋರ್ಟಿಗೆ ಹಾಜರುಪಡಿಸಲು ಕರೆದೊಯ್ದಿದ್ದ ಅವರು, ಅಂಗಿಯ ತುಂಬ ಅವನ ರಕ್ತ ಮಾಡಿಕೊಂಡು ವಾಪಸ್ಸು ಬಂದಿದ್ದರು.

“ಮೆಟ್ಟಿಲು ಹತ್ತಿಸ್ತಾ ಇದ್ದೆ ಸಾರ್. ಜನ ಅಂದ್ರೆ ಜನ! ಯಾರೋ ಎಸೆದ್ರು, ನೇರ ಕಣ್ಣಿಗೇ ಬಿತ್ತು. ಆಸ್ಪತ್ರೆಗೆ ಸೇರಿಸಿ ಬಂದೆ.”

“ಯಾರು ಎಸೆದದ್ದು?”

“ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳಿ ಸಾರ್.”

ಇನ್‌ಸ್ಪೆಕ್ಟರು ಅಪರಿಚಿತ ವ್ಯಕ್ತಿಯ ಮೇಲೆ ಎಫ್‌ಐಆರ್ ದಾಖಲಿಸಿದರು. ಎಂಜಿನಿಯರನ ಬಲಗಣ್ಣು ಉಳಿಯುವುದು ಕಷ್ಟ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಊರಲ್ಲಿ ಇದಕ್ಕೆ ಅಯ್ಯೋ ಅನ್ನುವವರು ಒಬ್ಬರೂ ಇರಲಿಲ್ಲ. ಕಟ್ಟಿ ವರ್ಷ ತುಂಬುವ ಮೊದಲೇ ಕುಸಿದ ಆ ಸೇತುವೆ ಒಂದು ತುಂಬಿದ ಬಸ್ಸನ್ನು ಹೊಳೆಗೆ ಎಳೆದುಕೊಂಡು ಹೋಗಿತ್ತು. ಬಂಧನದ ಸುದ್ದಿ ಬಂದಾಗ ಜನ ಬೀದಿಯಲ್ಲಿ ಕುಣಿದಿದ್ದರು. ಕುಣಿಯದೆ ಇನ್ನೇನು ಮಾಡಿಯಾರು?

ಎಸೆದ ವಸ್ತುವನ್ನು ದಫೇದಾರರು ಯಾರ ಕಣ್ಣಿಗೂ ಬೀಳದಂತೆ ಜೀಪಿಗೆ ಹಾಕಿಕೊಂಡಿದ್ದರು. ಎದುರಿನ ಚಹಾ ಅಂಗಡಿಯವನನ್ನೂ ಪಕ್ಕದ ಔಷಧಿ ಅಂಗಡಿಯವನನ್ನೂ ಪಂಚರನ್ನಾಗಿ ಕೂರಿಸಿಕೊಂಡು ಪಂಚನಾಮೆ ನಡೆಯಿತು. ಕಡುನೀಲಿ ಬಟ್ಟೆಯ ಕೈಚೀಲ, ಬಾಯಿಯ ಸುತ್ತ ಎರಡು ಸಾಲು ಹೊಲಿಗೆ. ಒಳಗೆ ಸ್ಟೀಲಿನ ಊಟದ ಡಬ್ಬಿ, ಅಂಚು ಒಂದು ಕಡೆ ನೆಗ್ಗಿದೆ. ಡಬ್ಬಿಯಲ್ಲಿ ಅನ್ನ, ಬೇಯಿಸಿದ ತರಕಾರಿ.

ಚಹಾ ಅಂಗಡಿಯವನು ಅಭ್ಯಾಸಬಲದಿಂದ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡ.

“ಲೋ, ಪುರಾವೆ ತಿಂತೀಯೇನೋ!” ದಫೇದಾರರು ಗದರಿದರು.

“ತಿನ್ನೋಕೆ ಏನಿದೆ ಸ್ವಾಮಿ, ಒಂದು ಹರಳು ಉಪ್ಪಿಲ್ಲ. ಪಾಪ, ಕಟ್ಟಿದೋರು ಮರೆತಿರಬೇಕು.”

ಮರುದಿನದ ಪತ್ರಿಕೆಗಳೆಲ್ಲ ‘ಕಲ್ಲೇಟು’ ಎಂದೇ ಬರೆದವು. ಸರಿ, ಠಾಣೆಯ ಮುಂದೆ ಸಾಲು ಹತ್ತಿತು. ನಾನೇ ಹೊಡೆದದ್ದು ಸಾರ್, ಬರ್ಕೊಳ್ಳಿ ಎಂದು ಒಬ್ಬ ಕಂಡಕ್ಟರ್ ಎದೆ ಸೆಟೆಸಿ ನಿಂತ. ಇನ್ನೊಬ್ಬ ಮಹಾಶಯ ಕಲ್ಲನ್ನೇ ಕರವಸ್ತ್ರದಲ್ಲಿ ಕಟ್ಟಿಕೊಂಡು ತಂದಿದ್ದ. ಇನ್‌ಸ್ಪೆಕ್ಟರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು: “ಏನು ಎಸೆದೆ?” ಎಲ್ಲರೂ ಕಲ್ಲು ಅಂದರು. ಎಲ್ಲರನ್ನೂ ಮನೆಗೆ ಕಳಿಸಿದರು.

ಸಾಲಿನ ಕೊನೆಯಲ್ಲಿ ಒಬ್ಬ ಬಡಗಿ ನಿಂತಿದ್ದ. ಅವನ ಮಗಳು ಆ ಬಸ್ಸಿನಲ್ಲಿದ್ದಳು.

“ನೀನೂ ಹೊಡೆದೆಯೇನಪ್ಪಾ?”

“ಇಲ್ಲ ಸಾರ್. ಹೊಡೆಯೋಕೇ ಹೋಗಿದ್ದೆ, ಕೈ ಏಳಲಿಲ್ಲ. ಯಾರನ್ನೋ ಹಿಡಿಯಲೇಬೇಕು ಅಂತಿದ್ರೆ ನನ್ನ ಹೆಸರು ಬರ್ಕೊಳ್ಳಿ. ಮನೇಲಿ ಕೂತು ನಾನಾದ್ರೂ ಏನು ಮಾಡ್ಲಿ?”

ಇನ್‌ಸ್ಪೆಕ್ಟರು ಅವನಿಗೆ ಚಹಾ ತರಿಸಿಕೊಟ್ಟು, ದಫೇದಾರರ ಜೊತೆ ಮನೆತನಕ ಕಳಿಸಿಕೊಟ್ಟರು.

ಮಧ್ಯಾಹ್ನ ಗಾಯಾಳುವಿನ ಹೇಳಿಕೆ ಪಡೆಯಲು ಅವರೊಬ್ಬರೇ ಆಸ್ಪತ್ರೆಗೆ ಹೋದರು. ಎಂಜಿನಿಯರನ ಅರ್ಧ ಮುಖಕ್ಕೆ ಬ್ಯಾಂಡೇಜು ಸುತ್ತಿತ್ತು. ನರ್ಸ್ ಊಟದ ತಟ್ಟೆ ತಂದಿಟ್ಟಳು.

“ಸಪ್ಪೆ ಅಂತ ಬಿಡಬೇಡಿ, ಪೂರ್ತಿ ಊಟ ಮಾಡಿ. ನಿಮ್ಮ ಬಿಪಿಗೆ ಉಪ್ಪು ಮುಟ್ಟೋ ಹಾಗಿಲ್ಲ.”

ಇನ್‌ಸ್ಪೆಕ್ಟರಿಗೆ ಚಹಾ ಅಂಗಡಿಯವನ ಮಾತು ನೆನಪಾಯಿತು. ಉಪ್ಪು ಯಾರೂ ಮರೆತಿರಲಿಲ್ಲ. ಆ ಬುತ್ತಿಯನ್ನು ಕಟ್ಟಿದ್ದೇ ಈ ಮನುಷ್ಯನಿಗೆ.

“ನಿಮಗೆ ಮನೆಯಿಂದ ಊಟ ತರೋರು ಯಾರು?”

“ಯಾರೂ ಇಲ್ಲ.”

“ನಿನ್ನೆ ನಿಮ್ಮ ಮೇಲೆ ಬಿದ್ದದ್ದು ಏನು ಅಂತ ಗೊತ್ತಾ?”

ಎಂಜಿನಿಯರ್ ಗೋಡೆಯ ಕಡೆ ತಿರುಗಿದ. “ಕಲ್ಲು ಸಾರ್. ದಯವಿಟ್ಟು ಕಲ್ಲು ಅಂತಲೇ ಬರ್ಕೊಳ್ಳಿ.”

ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಇದ್ದವರು ತಾಯಿ ಮತ್ತು ತಮ್ಮ. ತಮ್ಮ ಶಾಲೆಯ ಯೂನಿಫಾರಂ ಹೊಲಿಯುವ ದರ್ಜಿ. ಸಂಜೆ ನಾಲ್ಕಕ್ಕೆ ಇನ್‌ಸ್ಪೆಕ್ಟರು, ದಫೇದಾರರು ಅವನ ಅಂಗಡಿಗೆ ಹೋದರು. ಬಾಗಿಲ ಮೇಲೆ ಯಾರೋ ಬಣ್ಣದಲ್ಲಿ ‘ಕಳ್ಳನ ತಮ್ಮ’ ಎಂದು ಬರೆದಿದ್ದರು. ಅವನು ಅದನ್ನು ಉಜ್ಜಿ ಉಜ್ಜಿ ಅರ್ಧ ಅಳಿಸಿದ್ದ. ಒಳಗೆ ಹೊಲಿದ ಯೂನಿಫಾರಂಗಳು ಒಯ್ಯುವವರಿಲ್ಲದೆ ಹಾಗೇ ತೂಗುತ್ತಿದ್ದವು. ಬಟ್ಟೆ ಅದೇ ಕಡುನೀಲಿ.

ದಫೇದಾರರು ಖಾಲಿ ಕೈಚೀಲವನ್ನು ಮೇಜಿನ ಮೇಲಿಟ್ಟರು. ದರ್ಜಿ ಅದನ್ನು ನೋಡಿ ಮಿಷನ್ ನಿಲ್ಲಿಸಿದ.

“ಹೊಲಿದದ್ದು ನೀನೇ?”

“ಹೌದು ಸಾರ್.”

“ಬುತ್ತಿ ಕಟ್ಟಿದ್ದು?”

“ಅಮ್ಮ. ಅಣ್ಣನಿಗೆ ಕೊಟ್ಟು ಬಾ ಅಂತ ಕಳಿಸಿದ್ಲು.”

“ಮತ್ತೆ ಎಸೆದದ್ದು ಯಾಕೆ? ಅವನ ಮೇಲೆ ಸಿಟ್ಟಿತ್ತಾ?”

“ಇತ್ತು. ಸೇತುವೆ ಬಿದ್ದಾಗಿನಿಂದ ಇತ್ತು. ನನ್ನ ಹತ್ರ ಅಳತೆ ಕೊಟ್ಟ ಮಕ್ಕಳು ಸಾರ್ ಆ ಬಸ್ಸಲ್ಲಿ ಇದ್ದದ್ದು. ಆದ್ರೆ ಎಸೆದದ್ದು ಸಿಟ್ಟಿಗಲ್ಲ.” ಅವನು ಕೈ ಒರೆಸಿಕೊಂಡ. “ಪಕ್ಕದಲ್ಲಿದ್ದವನು ಕೇಳ್ದ, ಯಾರಿಗಪ್ಪಾ ಬುತ್ತಿ ಅಂತ. ನನಗೇ ಅಂದೆ. ಇನ್ನೊಬ್ಬ ನನ್ನ ಮುಖ ನೋಡಿ, ಇವನು ಥೇಟ್ ಆ ಎಂಜಿನಿಯರ್ ಥರಾನೇ ಇದಾನಲ್ಲ ಅಂದ. ಎಲ್ಲರೂ ತಿರುಗಿದ್ರು ಸಾರ್. ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಅಣ್ಣ ಜೀಪಿಂದ ಇಳಿದು ಮೆಟ್ಟಿಲು ಹತ್ತೋಕೆ ಬಂದ. ನನ್ನ ನೋಡಿದ, ಕೈಯಲ್ಲಿದ್ದ ಚೀಲಾನೂ ನೋಡಿದ. ಎಲ್ಲಿ ನನ್ನ ಹೆಸರು ಹಿಡಿದು ಕೂಗಿಬಿಡ್ತಾನೋ ಅಂತ ನಾನೇ ಮೊದಲು ‘ಕಳ್ಳ’ ಅಂತ ಕೂಗಿ ಎಸೆದುಬಿಟ್ಟೆ. ಕೈಯಲ್ಲಿ ಬೇರೇನೂ ಇರ್ಲಿಲ್ಲ.”

“ಆಮೇಲೆ?”

“ಭಲೇ ಅಂತ ಬೆನ್ನು ತಟ್ಟಿದ್ರು ಸಾರ್.” ಅಷ್ಟು ಹೇಳಿ ಅವನು ಮಿಷನ್ ಮೇಲೆ ತಲೆಯಿಟ್ಟು ಅತ್ತ.

ನಾಲ್ಕೂವರೆಗೆ ದಸ್ತಗಿರಿ ಆಯಿತು. ಠಾಣೆಗೆ ಬಂದು ಹೇಳಿಕೆ ದಾಖಲಿಸುವಾಗ, ಕೃತ್ಯದ ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರು ‘ದ್ವೇಷ’ ಎಂದು ಬರೆದು, ಹೊಡೆದುಹಾಕಿ, ‘ಹೆದರಿಕೆ’ ಎಂದು ಬರೆದರು. ಹೊರಗೆ ಆಗಲೇ ಜನ ಸೇರಿದ್ದರು. ಕಲ್ಲು ಹೊಡೆದ ಗಂಡುಗಲಿ ಸಿಕ್ಕಿದ್ದಾನೆ ಎಂಬ ಸುದ್ದಿ ಹಬ್ಬಿ, ಆಳು ಯಾರೆಂದು ತಿಳಿಯದೆಯೇ ಅವನಿಗೆ ಜಯಕಾರ ಹಾಕುತ್ತಿದ್ದರು. ಲಾಕಪ್ಪಿನಲ್ಲಿ ಅವನು ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ.

ಕತ್ತಲಾಗುವ ಹೊತ್ತಿಗೆ ಆ ಗುಂಪನ್ನು ಸರಿಸಿಕೊಂಡು ತಾಯಿ ಒಳಗೆ ಬಂದರು. ಅವರು ಯಾರೆಂದು ಹೊರಗೆ ಯಾರಿಗೂ ಗೊತ್ತಾಗಲಿಲ್ಲ. ವಿಷಯವನ್ನು ದಫೇದಾರರು ಆಗಲೇ ಮನೆಗೆ ಮುಟ್ಟಿಸಿದ್ದರು. ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಎರಡು ಡಬ್ಬಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

“ಇದು ಆಸ್ಪತ್ರೆಗೆ, ಉಪ್ಪಿಲ್ಲದ್ದು. ಇದು ಇಲ್ಲಿಗೆ. ಚಿಕ್ಕವನು ಸಪ್ಪೆ ತಿನ್ನಲ್ಲ, ಅವನಿಗೆ ಉಪ್ಪು ಹಾಕಿದೀನಿ. ಅದಲುಬದಲು ಆಗದ ಹಾಗೆ ನೋಡ್ಕೊಳ್ಳಿ ಸಾರ್.”

ಇನ್‌ಸ್ಪೆಕ್ಟರು ಎದ್ದು ನಿಂತು ಎರಡನ್ನೂ ತೆಗೆದುಕೊಂಡರು.