ಬೆಚ್ಚಗಿದ್ದ ಸೋರೆಬುರುಡೆ

ದೆಹಲಿಯ ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿನಲ್ಲಿ ಕನ್ನಡದ ಹೆಂಗಸರು ಸೇರಿ ಸೋರೆಬುರುಡೆ ಕ್ಲಬ್ ನಡೆಸುತ್ತೇವೆ. ಒಣಗಿದ ಬುರುಡೆ ಕೊರೆದು ದೀಪ, ಗೊಂಬೆ ಮಾಡುತ್ತೇವೆ. ಕಳೆದ ಜನವರಿಯ ಒಂದು ಭಾನುವಾರ ಮಧ್ಯಾಹ್ನ ಅಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಹಾಲ್‌ನಲ್ಲಿ ಮೈ ಕೊರೆಯುವ ಚಳಿ. ಹೊಸದಾಗಿ ತಂದ ಬುರುಡೆಗಳೆಲ್ಲ ತಣ್ಣಗಿದ್ದವು. ಒಂದು ಮಾತ್ರ ಜ್ವರ ಬಂದ ಹಣೆಯಂತೆ ಬೆಚ್ಚಗಿತ್ತು.

"ಬಿಸಿಲಲ್ಲಿ ಇಟ್ಟಿದ್ದರೇನೋ," ಅಂದರು ಕ್ಲಬ್ ನಡೆಸುವ ಪದ್ಮಕ್ಕ. ಆ ವಾರವಿಡೀ ದೆಹಲಿಯಲ್ಲಿ ಬಿಸಿಲೇ ಬಿದ್ದಿರಲಿಲ್ಲ.

ನನ್ನ ಪುಟ್ಟ ಮಗಳು ಇಂಚರಾ ಅದಕ್ಕೆ ಕಿವಿಯಿಟ್ಟಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದೆಲ್ಲ ಹಿಂದಿಯೇ.

"ಅಮ್ಮಾ, ಅಂದರ್ ಕೋಯಿ ಬುಲಾ ರಹಾ ಹೈ."

"ಒಳಗಿಂದ ಯಾರೂ ಕರೀತಿಲ್ಲ, ಬೀಜ ಅಲ್ಲಾಡುತ್ತೆ ಅಷ್ಟೇ," ಅಂದೆ. ಆದರೆ ಬುರುಡೆ ಮೇಜಿನ ಮೇಲಿತ್ತು, ಯಾರೂ ಅಲ್ಲಾಡಿಸಿರಲಿಲ್ಲ. ಒಳಗಿನ ಗಿಲಗಿಲ ಸದ್ದು ನನಗೂ ಕೇಳಿಸುತ್ತಿತ್ತು.

"ಹಾಂ, ಆ ರಹೀ ಹೂಂ," ಬರ್ತಿದ್ದೀನಿ ಅಂತ ಮಗಳು ಅದಕ್ಕೆ ಓಗೊಟ್ಟಳು. ಸದ್ದು ಥಟ್ಟನೆ ನಿಂತಿತು.

ಅವಳನ್ನು ಈಚೆಗೆ ಎಳೆದುಕೊಂಡೆ. ಪದ್ಮಕ್ಕ ಗರಗಸ ತೆಗೆದುಕೊಂಡು ಬುರುಡೆಯನ್ನು ಎರಡು ಹೋಳು ಮಾಡಿದರು. ಒಳಗೆ ಒಂದು ಬೀಜವೂ ಇರಲಿಲ್ಲ. ಮುಟ್ಟಿದರೆ ಹೋಳುಗಳು ತಣ್ಣಗಿದ್ದವು.

ನನ್ನ ಕೈಯಲ್ಲಿದ್ದ ಮಗಳ ಕೈ ಸುಡುತ್ತಿತ್ತು.

"ನಾನು ಎಷ್ಟು ಹೊತ್ತಿಂದ ಕರೀತಿದ್ದೆ," ಅಂದಳು ಇಂಚರಾ, ಅಚ್ಚ ಕನ್ನಡದಲ್ಲಿ.

ಡಾಕ್ಟರು ಏನೂ ಇಲ್ಲ ಅಂದರು. ಜ್ವರವೂ ಇಳಿಯಿತು. ಶಾಲೆಗೆ ಹೋಗುತ್ತಾಳೆ, ಆಡುತ್ತಾಳೆ, ನಗುತ್ತಾಳೆ. ನನ್ನನ್ನು ಅಮ್ಮ ಅಂತಲೇ ಕರೆಯುತ್ತಾಳೆ. ಆದರೆ ಅವತ್ತಿನಿಂದ, ಹೊಸಬರ ಮನೆಗೆ ಬಂದವಳ ಹಾಗೆ, ನನ್ನ ಜೊತೆ ಬಹುವಚನ ಬಿಟ್ಟು ಮಾತಾಡಿಲ್ಲ.

"ಅಮ್ಮಾ, ನೀವು ಊಟ ಮಾಡಿದ್ರಾ?"